ಎರಡು ಚುಕ್ಕಿಯ ನಂತರದ ಉಸಿರು

ಟಾಂಟಿ ಮಿಂಟಾಳ ಸಾವಿನ ಪ್ರಕಟಣೆಯಲ್ಲಿ ಮೂರು ತಪ್ಪುಗಳನ್ನು ತಿದ್ದಿದ ಮೇಲೆಯೇ ಆರ್ಮಿಸ್ಟನ್ ಕ್ಯುಪಿಡ್‌ಗೆ, ಸತ್ತವಳು ಟಾಂಟಿ ಮಿಂಟಾ ಎಂದು ತಿಳಿದದ್ದು. ಲೇಯೂ ಊರಿನಲ್ಲಿ ಹೀಗೆ ಹೇಳುತ್ತಾರೆ. ತಪ್ಪುಗಳು ಎರಡೇ ಎಂದು ವಾದಿಸುವವರು ಪಕ್ಕದ ಬ್ಯಾರೆಲಿಯಲ್ಲಿದ್ದಾರೆ. ಆದರೆ ಅವನ ಕೆಂಪು ಪೆನ್ಸಿಲು ‘ಅರಮಿಂಟಾ ಹೆಪ್ಸಿಬಾ ಬ್ಯಾಲಂಟೈನ್’ ಎಂಬ ಹೆಸರಿನ ಮೇಲೆ ಒಂದಿಷ್ಟೂ ತಡವರಿಸದೆ ಹಾದುಹೋಯಿತೆಂಬುದನ್ನು ಅವರೂ ಒಪ್ಪುತ್ತಾರೆ. ಆ ಹೆಸರು ದೀಕ್ಷಾಸ್ನಾನದ ದಿನ ಒಮ್ಮೆ, ಸತ್ತ ದಿನ ಒಮ್ಮೆ ಮಾತ್ರ ಉಪಯೋಗಕ್ಕೆ ಬರುವಂಥದ್ದು. ನಡುವಿನ ಆಯುಷ್ಯವಿಡೀ ಅದನ್ನು ಯಾರೂ ಮುಟ್ಟಿರಲಿಲ್ಲ. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಎಲ್ಲರಿಗೂ ಹೀಗೆಯೇ. ಆದ್ದರಿಂದಲೇ ರೇಡಿಯೋದಲ್ಲಿ ಸಾವನ್ನು ಸಾರುವಾಗ ಹೆಸರಿನ ಬೆನ್ನಿಗೇ ‘ಜನರ ಬಾಯಲ್ಲಿ ಇಂಥವರು’ ಎಂಬ ಮಾತು ಬರಬೇಕು. ಇಲ್ಲವಾದರೆ ಸತ್ತವಳ ಗಂಡನಿಗೂ ಸತ್ತದ್ದು ಯಾರೆಂದು ತಿಳಿಯುವುದಿಲ್ಲ. ಆರ್ಮಿಸ್ಟನ್ ಆ ಮಾತಿನ ಮುಂದಿದ್ದ ಬೇಡದ ಅಲ್ಪವಿರಾಮವನ್ನು ಹೊಡೆದುಹಾಕಿದ. ಹೊಡೆದದ್ದು ಚೊಕ್ಕಟವಾಗಿದೆಯೇ ಎಂದು ನೋಡಲು ಮುಂದಿನ ಎರಡು ಪದಗಳ ಮೇಲೆ ಕಣ್ಣಿಟ್ಟ. ‘ಟಾಂಟಿ ಮಿಂಟಾ’ ಎಂದಿತ್ತು.

ಅವನಿಗೆ ಬಂದ ಮೊದಲ ಯೋಚನೆ, ಅಲ್ಪವಿರಾಮ ತೆಗೆದದ್ದು ಸರಿಯೇ ಆಯಿತು ಎಂಬುದು. ಎರಡನೆಯ ಯೋಚನೆ ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಗುಡ್ಡದ ಕೆಳಗೆ ಪೇಟೆಯಲ್ಲಿ ವ್ಯಾನುಗಳು ಒಂದನ್ನೊಂದು ಬೈಯುವಂತೆ ಹಾರ್ನು ಹಾಕುತ್ತಿದ್ದವು. ಕಿಟಕಿಯಿಂದ ಹುರಿದ ಮೀನಿನ ವಾಸನೆ ಬಂದಾಗ ಅವನ ಬಾಯಲ್ಲಿ ನೀರೂರಿತು. ಆ ನೀರನ್ನು ನುಂಗುವಾಗ ಅವನಿಗೆ, ಇದನ್ನು ಯಾರಾದರೂ ನೋಡುತ್ತಿದ್ದರೆ, ಎಂದು ಭಯವಾಯಿತು. ಸಾವಿನ ಸುದ್ದಿ ತಂದವರು ಕೂರುವ ಬೆಂಚು ಗೋಡೆಯ ಬದಿಗಿತ್ತು. ಆ ಬೆಂಚಿನ ಕಡೆಗೆ ತಲೆಯೆತ್ತಿ ನೋಡಬಾರದೆಂದು ಅವನು ಈ ರೇಡಿಯೋ ಕಚೇರಿಯ ಕೆಲಸಕ್ಕೆ ಸೇರಿದ ಹೊಸದರಲ್ಲೇ ನಿಯಮ ಮಾಡಿಕೊಂಡಿದ್ದ. ಮುಖ ಕಂಡರೆ ಅರ್ಥ ಕಾಣುತ್ತದೆ, ಅರ್ಥ ಕಂಡರೆ ಅಕ್ಷರ ಕಾಣುವುದಿಲ್ಲ. ಅವನು ಸಾವುಗಳನ್ನು ಓದುವವನಲ್ಲ, ತಿದ್ದುವವನು. ಕಾಗದ ಮೇಜಿನ ಮೇಲೆ ಬೀಳುತ್ತದೆ, ಅವನು ತಿದ್ದಿ, ಟೈಪು ಮಾಡಿ, ಒಳಗಿನ ಗಾಜಿನ ಕೋಣೆಗೆ ಕೊಡುತ್ತಾನೆ, ಮಿಸ್ ಥೆಲ್ಕಾ ಮಧ್ಯಾಹ್ನದ ವಾರ್ತೆಯಾದ ಮೇಲೆ ಅದನ್ನು ಇಡೀ ದ್ವೀಪಕ್ಕೆ ಓದುತ್ತಾಳೆ. ಈಗ ಅವನು ಬೆಂಚಿನ ಕಡೆಗೆ ನೋಡದೆಯೇ, ಅಲ್ಲಿ ಕೂತಿರುವವಳು ಟಾಂಟಿ ಮಿಂಟಾಳ ಮಗಳು ಇಸಿಲ್ಮಾ ಎಂದು ತಿಳಿದುಕೊಂಡ. ಹೊಲಿಗೆಯವಳು, ಕಪ್ಪು ಬಟ್ಟೆಯನ್ನು ಬೆಳಗಿನ ಜಾವ ತಾನೇ ಹೊಲಿದು, ಗುಂಡಿಗಳಿಗೆ ಹೊತ್ತು ಸಾಲದೆ ಎದೆಯುದ್ದಕ್ಕೂ ಪಿನ್ನು ಚುಚ್ಚಿಕೊಂಡು ಬಂದಿದ್ದಳು. ಅವಳು ಉಸಿರಾಡಿದಾಗಲೆಲ್ಲ ಪಿನ್ನುಗಳು ಮಿನುಗುತ್ತಿದ್ದವು.

“ಮೇಲೆ ನೋಡ್ಬೇಡ,” ಎಂದಳು ಇಸಿಲ್ಮಾ. “ಮೊದ್ಲು ಮುಗಿಸು. ಕೊನೇ ಸಾಲು ಬಾಕಿ ಇದೆ.”

ಕೊನೆಯ ಸಾಲು ಉಳಿದ ಪ್ರಕಟಣೆಯಿಂದ ಒಂದು ಬೆರಳಿನಷ್ಟು ಕೆಳಗೆ, ಪಂಕ್ತಿಯಲ್ಲಿ ಜಾಗ ಸಿಗದ ನೆಂಟನಂತೆ ಒಂಟಿಯಾಗಿ ಕೂತಿತ್ತು. ‘ಆರ್ಮಿ: ನಿನ್ನ ಊಟ ಬೋಗುಣಿ ಕೆಳಗೆ.’ ಆರ್ಮಿ ಎಂದರೆ ಅವನೇ. ಇಂಗ್ಲಿಷಿನ ಅಕ್ಷರಗಳಿಗೆ ದೊಡ್ಡ ಮೈ ಒಂದು, ಚಿಕ್ಕ ಮೈ ಒಂದು ಇರುತ್ತದೆ. ಎರಡು ಚುಕ್ಕಿಯ ಆಚೆ ‘ನಿನ್ನ’ ಎಂಬ ಮಾತಿನ ಮೊದಲ ಅಕ್ಷರಕ್ಕೆ ದೊಡ್ಡ ಮೈ ಕೊಡಲಾಗಿತ್ತು. ಕೊಟ್ಟಿದ್ದಷ್ಟೇ ಅಲ್ಲ, ಪೆನ್ನನ್ನು ಎರಡೆರಡು ಸಲ ಎಳೆದು ಅದನ್ನು ದಪ್ಪ ಮಾಡಲಾಗಿತ್ತು. ಆರ್ಮಿಸ್ಟನ್‌ನ ಕೆಂಪು ಪೆನ್ಸಿಲು ಅಭ್ಯಾಸಬಲದಿಂದ ಅದರ ಕಡೆಗೆ ಇಳಿಯಿತು. ಕಾಗದಕ್ಕೆ ತಾಗುವ ಮೊದಲು ನಿಂತಿತು. ನಲವತ್ತು ವರ್ಷ ಹಿಂದಿನ ಅಡುಗೆಮನೆಯಲ್ಲೂ ಪೆನ್ಸಿಲು ಇಳಿದಿತ್ತು, ಅಲ್ಲಿ ಅದು ನಿಂತಿರಲಿಲ್ಲ. ತಾಯಿ ಕೂಲಿಗೆಂದು ಕುರಸಾವ್ ದ್ವೀಪಕ್ಕೆ ಹೋದವಳು ಬರಲಿಲ್ಲವಾಗಿ ದೊಡ್ಡಮ್ಮನಾದ ಟಾಂಟಿ ಮಿಂಟಾಳೇ ಅವನನ್ನು ಸಾಕಿದವಳು. ಹಲಸಿನ ಜಾತಿಯ ಬ್ರೆಡ್‌ಫ್ರೂಟು ಕಾಯಿ, ಡಶೀನು ಗೆಡ್ಡೆಗಳ ಬುಟ್ಟಿ ಹೊತ್ತು ನಸುಕಿಗೇ ಪೇಟೆಗೆ ಹೊರಡುವ ಮುಂಚೆ ಅವಳು ಅವನ ಊಟವನ್ನು ಮೇಜಿನ ಮೇಲಿಟ್ಟು, ಇರುವೆಗೂ ಕೋಳಿಗೂ ಸಿಗದಂತೆ ಬಿಳಿ ಬೋಗುಣಿಯನ್ನು ಬೋರಲು ಹಾಕಿ, ಬೋಗುಣಿಯ ಬೆನ್ನಿನ ಮೇಲೆ ಒಂದು ಚೀಟಿ ಇಟ್ಟು, ಚೀಟಿ ಹಾರದಂತೆ ಜಾಯಿಕಾಯಿ ಇಡುತ್ತಿದ್ದಳು. ಬೋಗುಣಿಯಲ್ಲದೆ ಮೇಜಿನ ಮೇಲೆ ಇನ್ನೇನೂ ಇರುತ್ತಿರಲಿಲ್ಲ. ಚೀಟಿಯ ಅಗತ್ಯವೇ ಇರಲಿಲ್ಲ. ಆದರೂ ಪ್ರತಿದಿನ ಚೀಟಿ ಇತ್ತು. ಮೂರನೆಯ ತರಗತಿಯವರೆಗೆ ಕಲಿತ ಕೈ. ಎರಡು ಚುಕ್ಕಿಯನ್ನು ಅವಳು ಇಬ್ಬನಿಯಷ್ಟು ದುಂಡಗೆ ಒತ್ತಿ ಇಡುತ್ತಿದ್ದಳು. ಆಮೇಲೆ ಗೇಟಿನಷ್ಟು ಎತ್ತರದ ಅಕ್ಷರ. ಹೆಸರು ಕೂಗಿ, ಅವನು ತಿರುಗಿ ನೋಡುವವರೆಗೆ ಕಾದು, ಆಮೇಲೆ ಮಾತು ಶುರು ಮಾಡುವ ಹಾಗೆ.

ಪೇಟೆಯ ಶಾಲೆಗೆ ಸ್ಕಾಲರ್‌ಶಿಪ್ಪು ಸಿಕ್ಕಿದ ವರ್ಷ ಗಿಬ್ಸ್ ಮೇಷ್ಟ್ರು ಎರಡು ಚುಕ್ಕಿಯ ವಿಷಯ ಪಾಠ ಮಾಡಿದರು. ಅವರು ಇಂಗ್ಲೆಂಡನ್ನು ನೋಡಿರಲಿಲ್ಲವಾದ್ದರಿಂದ ಅವರ ಇಂಗ್ಲಿಷು ಇಂಗ್ಲೆಂಡಿಗಿಂತ ಕಟ್ಟುನಿಟ್ಟಾಗಿತ್ತು. ಎರಡು ಚುಕ್ಕಿ ಎಂದರೆ ಗೋಡೆಯಲ್ಲ, ಬಾಗಿಲು. ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವವನು ಟೋಪಿ ಹಾಕಿಕೊಳ್ಳುತ್ತಾನೆಯೇ, ಎಂದು ಕೇಳಿದರು. ಇಲ್ಲ ಸರ್, ಎಂದು ತರಗತಿ ಕೂಗಿತು. ಆದ್ದರಿಂದ ಚಿಕ್ಕಕ್ಷರ, ಎಂದರು. ಆ ಸಂಜೆ ಆರ್ಮಿಸ್ಟನ್ ಮನೆಗೆ ಬಂದು, ಊಟ ಮಾಡುವ ಮೊದಲು, ಚೀಟಿಯ ದೊಡ್ಡಕ್ಷರದ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಚಿಕ್ಕಕ್ಷರ ಬರೆದು, ಚೀಟಿಯನ್ನು ತೊಳೆದ ತಟ್ಟೆಯ ಮೇಲಿಟ್ಟ. ಮಾರನೆಯ ದಿನದ ಚೀಟಿಯಲ್ಲಿ ಚಿಕ್ಕಕ್ಷರವಿತ್ತು. ಅಂದಿನಿಂದ ಟಾಂಟಿ ಮಿಂಟಾ ಬರೆದ ಚೀಟಿಗಳೆಲ್ಲವೂ ಚಿಕ್ಕಕ್ಷರದವು, ಬಾಗಿಲಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದವು. ಅವನಿಗೆ ಅದು ಗೆಲುವಿನಂತೆ ಕಂಡಿತ್ತು, ಎಷ್ಟೋ ಕಾಲ. ಆಮೇಲೆ ಒಂದು ದಿನ ಬೋಗುಣಿ ಇತ್ತು, ಚೀಟಿ ಇರಲಿಲ್ಲ. ಬರೆಯದಿದ್ದರೆ ತಪ್ಪಾಗುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

“ಇದನ್ನ ಯಾಕೆ ಹಾಕಿದೀಯ?” ಎಂದು ಅವನು ಕೇಳಿದ. ದನಿ ಕಚೇರಿಯದ್ದಾಗಿತ್ತು.

“ನಾನು ಹಾಕಿಲ್ಲ. ಅಮ್ಮ ಹಾಕ್ಸಿದ್ದು. ಕೊನೇ ಭಾನುವಾರ ನನ್ನ ಕೂರಿಸ್ಕೊಂಡು ಇಡೀದು ಹೇಳಿ ಬರೆಸಿದ್ಲು. ಮೊಮ್ಮಕ್ಕಳ ಹೆಸ್ರು ಮರೆತ್ಲು, ಬ್ರೂಕ್ಲಿನ್ನಲ್ಲಿರೋ ತಮ್ಮನ್ನ ಬಿಟ್ಲು. ಇದನ್ನ ಬಿಡ್ಲಿಲ್ಲ. ಆ ದೊಡ್ಡಕ್ಷರ ನಾನು ಸಣ್ಣದಾಗಿ ಬರೆದೆ ಅಂತ ಇನ್ನೊಂದ್ಸಲ ಎಳೆಸಿದ್ಲು.”

ಅವನು ಗೋಡೆಯ ಮೇಲಿನ ಹಲಗೆಯತ್ತ ಕೈ ತೋರಿಸಿದ. ಅಲ್ಲಿ ನಿರ್ದೇಶಕ ಜ್ಯಾಕ್‌ನ ಕೈಬರಹದಲ್ಲಿ ನಿಯಮವಿತ್ತು. ಜ್ಯಾಕ್ ಅಮೆರಿಕದಲ್ಲಿ ಓದಿ, ಒಂದು ದಪ್ಪ ನಿಯಮಪುಸ್ತಕ ಹಿಡಿದು ಬಂದಿದ್ದ ಕಿರಿಯ. ಬಂದ ವಾರವೇ, ಎರಡು ಚುಕ್ಕಿಯ ನಂತರ ಬರುವುದು ಪೂರ್ಣ ವಾಕ್ಯವಾದರೆ ದೊಡ್ಡಕ್ಷರ, ಅಲ್ಲವಾದರೆ ಚಿಕ್ಕಕ್ಷರ ಎಂದು ಬರೆದು ಹಾಕಿದ. ಪೂರ್ಣ ವಾಕ್ಯವೆಂದರೆ ಸ್ವಂತ ಕಾಲಿನ ಮೇಲೆ ನಿಂತ ಮನುಷ್ಯ, ಅವನು ಎಲ್ಲಿಗೆ ಹೋದರೂ ಟೋಪಿ ಹಾಕಿಕೊಂಡೇ ಹೋಗುತ್ತಾನೆ, ಎಂದು ಅವನೂ ಟೋಪಿಯ ಮಾತನ್ನೇ ಆಡಿದಾಗ ಆರ್ಮಿಸ್ಟನ್‌ಗೆ ಕಾಲ ಕೆಳಗಿನ ನೆಲ ಸ್ವಲ್ಪ ವಾಲಿದಂತಾಗಿತ್ತು. ನೆಲ ವಾಲಿದ್ದು ಗಿಬ್ಸ್ ಮೇಷ್ಟ್ರ ಸಲುವಾಗಿ ಅಲ್ಲ. ಹೊಸ ನಿಯಮದ ಪ್ರಕಾರ ಬೋಗುಣಿಯ ಮೇಲಿನ ಚೀಟಿ ಸರಿಯಿದ್ದಿರಬಹುದು ಎಂಬ ಸಂಶಯ ಬಂದು, ಆ ಶನಿವಾರವೇ ಲೇಯೂಗೆ ಹೋಗಿ ಹೇಳಬೇಕೆಂದುಕೊಂಡ. ಹೋದ ಕೂಡ. ಟಾಂಟಿ ಮಿಂಟಾ ಮೀನಿನ ಸಾರು ಬಡಿಸಿದಳು. ಅವನು ಮಳೆಯ ಬಗ್ಗೆ, ರಸ್ತೆಯ ಬಗ್ಗೆ, ಕಚೇರಿಯ ಇಂಗ್ಲಿಷಿನಲ್ಲಿ ಮಾತನಾಡಿ, ಅವಳು ತನ್ನ ಮಾತಿನಲ್ಲಿ ಉತ್ತರಿಸುವಾಗಲೆಲ್ಲ ಮನಸ್ಸಿನೊಳಗೇ ತಿದ್ದಿ, ಕತ್ತಲಾಗುವ ಮುಂಚೆ ವ್ಯಾನು ಹಿಡಿದು ಬಂದ. ಐದು ಪದದ ಒಂದು ಚೀಟಿಗೆ ಕ್ಷಮೆ ಕೇಳುವುದು ಹೇಗೆ? ಅದಕ್ಕೆ ಮೊದಲು ಅವಳಿಗೆ ಅಮೆರಿಕದ ವ್ಯಾಕರಣ ಹೇಳಿಕೊಡಬೇಕಾಗುತ್ತದೆ.

ಇಷ್ಟಕ್ಕೂ ಈ ಪ್ರಕಟಣೆಗಳನ್ನು ಓದುವವರು ಯಾರೂ ಇರಲಿಲ್ಲ, ಕೇಳುವವರೇ ಎಲ್ಲ. ಥೆಲ್ಕಾಳ ಕೈಯಿಂದ ಕೆಳಗಿಳಿದ ಮೇಲೆ ಅವನ ದೊಡ್ಡಕ್ಷರಗಳು ಚಿಕ್ಕಕ್ಷರಗಳೊಡನೆ ಪೇಟೆಯಲ್ಲಿ ಕಡಲೆಕಾಯಿ ಕಟ್ಟಲು ಹೋಗುತ್ತಿದ್ದವು. ಕಿವಿಗೆ ಟೋಪಿ ಕಾಣುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಆದರೂ ಜ್ಯಾಕ್‌ನ ನಿಯಮ ಬಂದ ಮೇಲೆ ದ್ವೀಪದಲ್ಲಿ ಒಂದು ಬದಲಾವಣೆಯನ್ನು ಅವನು ಗಮನಿಸಿದ್ದ. ‘ಅವರು ಅಗಲಿರುವುದು ಇವರನ್ನು:’ ಎಂಬಲ್ಲಿ ಮೊದಲು ಬರಿಯ ಹೆಸರುಗಳು ಬರುತ್ತಿದ್ದವು. ಈಗ ಜನ ‘ಮಗಳು ವರ್ನಿಸ್ ಇದ್ದಾಳೆ,’ ‘ಹಿರಿಯ ಮಗ ಬದುಕಿದ್ದಾನೆ’ ಎಂದು ಹಟ ಹಿಡಿದು ಪೂರ್ಣ ವಾಕ್ಯ ಬರೆದು ತರುತ್ತಿದ್ದರು. ಹಳ್ಳಿಹಳ್ಳಿಗಳಲ್ಲಿ ವಾಕ್ಯಜ್ಞಾನ ಹಬ್ಬುತ್ತಿದೆ, ಅದರ ಮೂಲದಲ್ಲಿ ಈ ಮೇಜು ಇದೆ, ಎಂದು ಅವನು ಯಾರಿಗೂ ಹೇಳದೆ ಹೆಮ್ಮೆಪಟ್ಟುಕೊಂಡಿದ್ದ. ಅದೊಂದೇ ಅವನ ಗುಟ್ಟಿನ ಸುಖ.

ಇಸಿಲ್ಮಾ ಆ ಸುಖವನ್ನು, ತನಗೆ ತಿಳಿಯದೆಯೇ, ಒಂದು ಪಿನ್ನನ್ನು ಕಿತ್ತು ಸರಿಯಾಗಿ ಚುಚ್ಚಿಕೊಳ್ಳುತ್ತ ತೆಗೆದುಹಾಕಿದಳು. ದೊಡ್ಡಕ್ಷರ ಇದ್ದರೆ ಮಾತ್ರ ಮಿಸ್ ಥೆಲ್ಕಾ ಎರಡು ಚುಕ್ಕಿಯಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಂದಳು. ಚಿಕ್ಕಕ್ಷರವಿದ್ದರೆ ಇಳಿಜಾರಿನ ವ್ಯಾನಿನಂತೆ ಒಂದೇ ಓಟದಲ್ಲಿ ಓದಿಬಿಡುತ್ತಾಳೆ. ಇದು ದ್ವೀಪಕ್ಕೆಲ್ಲ ಗೊತ್ತು. ರೇಡಿಯೋದಲ್ಲಿ ಉಸಿರು ಬಂದಾಗ ಸಾವಿನ ಮನೆಯಲ್ಲಿ ನಿಂತವರು ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು. ಉಸಿರಿನ ಹತ್ತಿರದ ಹೆಸರು ಯಾರದೋ ಅವರು ಮೊದಲ ಅಳು ಎತ್ತಬೇಕು. ಅದರ ಹಿಂದೆ ಉಳಿದವರ ಅಳು. ಉಸಿರಿಲ್ಲದ ಪ್ರಕಟಣೆಯಾದರೆ ಅಳು ಶುರುವಾಗುವುದು ಎಲ್ಲಿಂದ? ಕಳೆದ ವರ್ಷ ಕ್ವೆಸ್ಟೆಲ್ಸ್ ಊರಿನ ಬಡಗಿಯೊಬ್ಬನ ಸಾವಿನಲ್ಲಿ ಹೀಗೆಯೇ ಆಗಿ, ಜನ ಸಂಜೆಯವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತು, ಕೊನೆಗೆ ಹಸಿವಾಗಿ ಮನೆಗೆ ಹೋದರಂತೆ. ಅವನ ಹೆಂಡತಿಗೆ ಇವತ್ತಿಗೂ ಎದೆಯಲ್ಲಿ ಏನೋ ಸಿಕ್ಕಿಕೊಂಡಿದೆಯಂತೆ. ಅದಕ್ಕೇ ಜನ ಕಷ್ಟಪಟ್ಟು ಪೂರ್ಣ ವಾಕ್ಯ ಕಟ್ಟಿ ತರುತ್ತಾರೆ, ಎಂದಳು ಇಸಿಲ್ಮಾ, ಮೇಷ್ಟ್ರುಗಳ ಹತ್ತಿರ ಮೊಟ್ಟೆ ಕೊಟ್ಟು ಬರೆಸಿಕೊಂಡು. ಆರ್ಮಿಸ್ಟನ್ ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟ. ಪೆನ್ಸಿಲು ಉರುಳಿತು, ಅವನು ಅದನ್ನು ಹಿಡಿಯಲಿಲ್ಲ. ಗಾಜಿನ ಈಚೆ ನಿಂತು, ಕಾಗದದ ನಕಲಿನ ಮೇಲೆ ಬೆರಳಾಡಿಸುತ್ತ, ಒಂದಕ್ಷರ ತಪ್ಪದಂತೆ ನೋಡಿಕೊಂಡ ಈ ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ರೇಡಿಯೋ ಕೇಳಿರಲಿಲ್ಲ.

“ಅಮ್ಮ ಅದನ್ನ ಕೇಳೇ ಕಂಡುಹಿಡಿದದ್ದು,” ಎಂದಳು ಇಸಿಲ್ಮಾ. “ಥೆಲ್ಕಾ ಮೊದಮೊದಲು ಉಸಿರು ತಗೊಳ್ಳೋಕೆ ಶುರು ಮಾಡಿದಾಗ ಅಮ್ಮ ಗೆಡ್ಡೆ ಹೆರೀತಿದ್ಲು. ಕತ್ತಿ ಇಟ್ಟು ಜೋರಾಗಿ ನಕ್ಕಳು. ‘ನೋಡೇ, ಕಾನೂನು ಬದ್ಲಾಗಿದೆ, ಆರ್ಮಿ ನಂಗೆ ದೊಡ್ಡಕ್ಷರ ವಾಪಸ್ ಕೊಟ್ಟ’ ಅಂದ್ಲು. ನಂಗೇನೂ ಅರ್ಥ ಆಗ್ಲಿಲ್ಲ. ನಿಂಗೆ ಆಯ್ತಾ?”

ಅವನು ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ಇಸಿಲ್ಮಾಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಆ ಶನಿವಾರ ಮೀನಿನ ಸಾರಿನ ಎದುರು ಅವನು ಮಳೆಯ ಮಾತಾಡುತ್ತಿದ್ದಾಗ ಟಾಂಟಿ ಮಿಂಟಾಳಿಗೆ ಎಲ್ಲವೂ ಗೊತ್ತಿತ್ತೇ, ಅವನು ಹೇಳಲೆಂದು ಕಾಯುತ್ತಿದ್ದಳೇ, ಬಡಿಸುವ ಸೌಟನ್ನು ಮೇಲಕ್ಕೆ ಹಿಡಿದು ಒಂದು ಕ್ಷಣ ನಿಂತದ್ದು ಅದಕ್ಕೇ ಇರಬಹುದೇ. ಸೌಟಿನಿಂದ ಸಾರು ತೊಟ್ಟಿಕ್ಕಿತ್ತು. ಅವನು ‘ಮೇಜಿನ ಬಟ್ಟೆ’ ಎಂದಿದ್ದ. ಅಷ್ಟೇ ಅವನು ಹೇಳಿದ್ದು. ಈಗ ಬೆಂಚಿನಲ್ಲಿ ಕೂತ ಇಸಿಲ್ಮಾ, ಉಸಿರು ಬೇಕು, ಎಂದು ನೇರವಾಗಿ ಕೇಳುತ್ತಿದ್ದಳು. ಉಳಿದ ಪ್ರಕಟಣೆಯಲ್ಲೆಲ್ಲೂ ಬೇಡ, ತನ್ನ ಹೆಸರಿನ ಮೇಲೂ ಬೇಡ, ಅಮ್ಮ ಎಲ್ಲಿ ಬೇಕೆಂದಳೋ ಅಲ್ಲಿ. ಅವನು ಹಲಗೆಯನ್ನು ಮತ್ತೆ ನೋಡಿದ. ಊಟ ಎಂಬುದಿದೆ, ಬೋಗುಣಿ ಎಂಬುದಿದೆ, ಕೆಳಗೆ ಎಂಬುದಿದೆ. ಕ್ರಿಯಾಪದವಿಲ್ಲ. ಟಾಂಟಿ ಮಿಂಟಾಳ ಮಾತಿನಲ್ಲಿ, ಅವಳ ನೆರೆಹೊರೆಯ ಎಲ್ಲರ ಮಾತಿನಲ್ಲಿ, ಅದರ ಅಗತ್ಯವೇ ಬೀಳುವುದಿಲ್ಲ, ಕನ್ನಡದಲ್ಲಿ ಬೀಳದ ಹಾಗೆ. ಗಿಬ್ಸ್ ಮೇಷ್ಟ್ರ ಇಂಗ್ಲಿಷಿನಲ್ಲಿಯೂ ಜ್ಯಾಕ್‌ನ ಇಂಗ್ಲಿಷಿನಲ್ಲಿಯೂ ಅದಿಲ್ಲದೆ ವಾಕ್ಯವಾಗದು. ಉಳಿದೆಲ್ಲದರಲ್ಲಿ ಜಗಳವಾಡುವ ಆ ಇಬ್ಬರು ಇದೊಂದರಲ್ಲಿ ಕೈಕುಲುಕಿದ್ದರು.

ಆರ್ಮಿಸ್ಟನ್ ಕಾಗದ ಹಿಡಿದು ಒಳಹೋದಾಗ ಜ್ಯಾಕ್ ತನ್ನ ಕೋಣೆಯಲ್ಲಿ ಕರಿದ ರೊಟ್ಟಿ, ಉಪ್ಪುಮೀನು ತಿನ್ನುತ್ತಿದ್ದ. ಸಂತಾಪ ಹೇಳಿದ, ಹೇಳುವಾಗ ಬಾಯಲ್ಲಿದ್ದದ್ದನ್ನು ಕೆನ್ನೆಗೆ ಸರಿಸಿಕೊಂಡ. ಬೆರಳೊರೆಸಿ ಕಾಗದ ಹಿಡಿದು ಕೊನೆಯ ಸಾಲನ್ನು ಓದಿದ. ಮತ್ತೆ ಓದಿದ.

“ಊಟ ಏನು ಮಾಡ್ತಿದೆ ಬೋಗುಣಿ ಕೆಳಗೆ?”

“ಏನೂ ಮಾಡ್ತಿಲ್ಲ ಸರ್. ಇದೆ.”

“ಇದೆ ಅಂತ ಬರೆದಿಲ್ವಲ್ಲ ಕ್ಯುಪಿಡ್.”

“ಬರೀದಿದ್ರೂ ಇತ್ತು ಸರ್,” ಎಂದ ಆರ್ಮಿಸ್ಟನ್. “ದಿನಾ ಇತ್ತು.”

ಜ್ಯಾಕ್ ಕೆಟ್ಟವನಲ್ಲ, ಎರಡು ದಾರಿ ತೋರಿಸಿದ. ಚಿಕ್ಕಕ್ಷರ ಹಾಕು, ಅಥವಾ ‘ಇದೆ’ ಸೇರಿಸು. ಒಂದು ಪುಟ್ಟ ಪದ, ಅಕ್ಷರ ಎರಡೇ. ಸೇರಿಸಿದರೆ ವಾಕ್ಯ ಪೂರ್ಣ, ದೊಡ್ಡಕ್ಷರ ನ್ಯಾಯ, ಉಸಿರು ಖಂಡಿತ, ಎಲ್ಲರಿಗೂ ಸಮಾಧಾನ. ಎರಡನ್ನೂ ಮಾಡದಿದ್ದರೆ? ಆ ಹಲಗೆಯ ಕೆಳಗೆ ಕೂತು ಹಲಗೆ ಮೀರುವವನು ತನಗೆ ಬೇಡ ಎಂದು ಜ್ಯಾಕ್ ರೊಟ್ಟಿಯ ಕಡೆಗೆ ತಿರುಗಿ, ಬಹುಶಃ ರೊಟ್ಟಿಗೇ, ಹೇಳಿದ. ಹೊರಗೆ ಬಂದಾಗ ಮಿಸ್ ಥೆಲ್ಕಾ ಗಾಜಿನ ಕೋಣೆಯ ಬಾಗಿಲಲ್ಲಿ ಗಂಟಲಿಗೆಂದು ಮೌಬಿ ತೊಗಟೆಯ ಕಹಿ ಪಾನಕ ಕುಡಿಯುತ್ತ ನಿಂತಿದ್ದಳು. ಉತ್ತರದ ಊರುಗಳಿಂದ ಅವಳ ಉಸಿರಿಗಾಗಿ ಜನ ಕುಂಬಳದ ಕಡುಬು ಕಳಿಸುತ್ತಾರೆ. ಅವಳ ದೇಹ ಆ ಗೌರವವನ್ನು ತೋರಿಸುತ್ತಿತ್ತು. ದೊಡ್ಡಕ್ಷರವಿಲ್ಲದೆಯೇ ಉಸಿರೆಳೆಯಲು ಸಾಧ್ಯವೇ ಎಂದು ಅವನು ಕೇಳಿದ್ದಕ್ಕೆ ಅವಳಿಗೆ ನಿಜವಾಗಿಯೂ ನೋವಾಯಿತು.

“ನಾನೇನು ಟೈರಾ, ಬೇಕಾದಲ್ಲಿ ಗಾಳಿ ಬಿಡೋಕೆ? ಕಾಗದದಲ್ಲಿ ಇದ್ದದ್ದು ನನ್ನ ಬಾಯಲ್ಲಿ. ನೀನು ಹಾಕು ಮಗನೇ, ನಾನು ತಗೋತೀನಿ. ಹಾಕ್ಲಿಲ್ವಾ, ಹಾಗೇ ಹೋಗ್ತೀನಿ. ಜ್ಯಾಕ್ ಹತ್ರ ನನ್ನ ಹೆಸ್ರು ಹೇಳ್ಬೇಡ.”

ಆರ್ಮಿಸ್ಟನ್ ಮೇಜಿಗೆ ಮರಳಿ, ‘ಇದೆ’ ಸೇರಿಸಬಹುದು ಎಂಬ ಸುದ್ದಿಯನ್ನು ಒಳ್ಳೆಯ ಸುದ್ದಿಯಂತೆ ಹೇಳಿದ. ಇಸಿಲ್ಮಾ ಸಾಲನ್ನು ಹೊಸದಾಗಿ, ತುಟಿಯಲ್ಲೇ, ‘ಇದೆ’ ಸೇರಿಸಿ ಹೇಳಿಕೊಂಡು ನೋಡಿದಳು. ಬಟ್ಟೆಯ ಅಳತೆ ಒಪ್ಪದವಳಂತೆ ಮುಖ ಮಾಡಿದಳು.

“ಇದು ಬೇರೆ ಯಾರದೋ ಅಮ್ಮ,” ಎಂದಳು. ಎದ್ದು ನಿಂತು ಟೋಪಿ ಹಾಕಿಕೊಂಡಳು. “ನಾನು ಹೋಗ್ತೀನಿ, ಮನೇಲಿ ಜನ ಇದಾರೆ. ಓದೋ ಹೊತ್ತಿಗೆ ನೀನಲ್ಲಿರ್ಬೇಕು. ಉಸಿರು ಬಿದ್ರೆ ನಿನ್ನ ಮೇಲೆ ಬೀಳತ್ತೆ. ನೀನು ಅಳು ಎತ್ತದಿದ್ರೆ ಯಾರೂ ಎತ್ತೋ ಹಾಗಿಲ್ಲ. ಊರೆಲ್ಲ ಬಾಯಿ ತೆರ್ಕೊಂಡು ನಿಂತಿರತ್ತೆ, ನೊಣ ಹೋಗತ್ತೆ ಒಳಗೆ.”

ಅವಳು ಹೋದ ಮೇಲೆ ಅವನು ಯಂತ್ರಕ್ಕೆ ಕಾಗದ ಸಿಕ್ಕಿಸಿ ಪ್ರಕಟಣೆಯನ್ನು ಟೈಪು ಮಾಡಿದ. ಹೆಸರು, ಜನರ ಬಾಯಲ್ಲಿನ ಹೆಸರು, ಊರು, ಉಳಿದ ಬಂಧುಗಳು, ಶವಸಂಸ್ಕಾರದ ಚರ್ಚು. ಎಲ್ಲವೂ ಸರಾಗ. ಆಮೇಲೆ ‘ಆರ್ಮಿ’ ಎಂದು ಹೊಡೆದ. ತನ್ನ ಹೆಸರನ್ನು ತಾನು ಹೀಗೆ ಟೈಪು ಮಾಡಿದ್ದು ಇದೇ ಮೊದಲು; ಅದು ಯಾವುದೋ ಮಗುವಿನ ಹೆಸರಿನಂತೆ ಕಾಗದದ ಮೇಲೆ ಕೂತಿತು. ಎರಡು ಚುಕ್ಕಿ. ಇನ್ನು ಮುಂದಿನ ಅಕ್ಷರ. ಅವನು ನಿಯಮವನ್ನು ಮೀರುವವನಲ್ಲ; ಮೀರದೆಯೇ ದಾಟುವ ದಾರಿಯೊಂದು ಬೇಕಾಗಿತ್ತು, ಅದಕ್ಕಾಗಿ ಆ ಸಾಲಿನ ಸುತ್ತ ಬೀಗ ಹಾಕಿದ ಮನೆಯ ಸುತ್ತ ಸುತ್ತುವವನಂತೆ ಸುತ್ತಿದ. ಪೂರ್ಣ ವಾಕ್ಯ ಎಂದರೇನು? ಏನೂ ಕಡಿಮೆ ಬೀಳದ್ದು. ಹಾಗಾದರೆ, ಚೀಟಿ ಓದಿದ ಹಸಿದ ಹುಡುಗ ಯಾವತ್ತಾದರೂ, ಊಟ ಬೋಗುಣಿಯ ಕೆಳಗೆ ಏನು ಮಾಡುತ್ತಿದೆ, ಎಂದು ಕೇಳಿದ್ದನೇ? ಬೋಗುಣಿ ಎತ್ತುತ್ತಿದ್ದ. ಊಟ ಅಲ್ಲಿರುತ್ತಿತ್ತು. ಹುರಿದ ಬ್ರೆಡ್‌ಫ್ರೂಟು, ಅದರ ಪಕ್ಕಕ್ಕೆ ಆತು ಕೂತ ಮೀನು, ಬೋಗುಣಿಯ ಒಳಮೈಯಲ್ಲಿ ಬೆವರು. ಚೀಟಿಯಲ್ಲಿ ಕಡಿಮೆ ಬಿದ್ದ ಪದ ತಟ್ಟೆಯಲ್ಲಿ ಇರುತ್ತಿತ್ತು. ಅವನು ಅದನ್ನು ತಿಂದು, ಕೈ ತೊಳೆದು, ವಾಕ್ಯ ಅಪೂರ್ಣವೆಂದು ಶಾಲೆಗೆ ಹೋಗಿ ಕಲಿತುಬಂದಿದ್ದ. ಅವನು ದೊಡ್ಡಕ್ಷರದ ಕೀಲಿಯನ್ನು ಕಿರುಬೆರಳಿನಿಂದ ಒತ್ತಿ ಹಿಡಿದ. ಹಳೆಯ ಯಂತ್ರ, ಆ ಕೀಲಿಗೆ ಅದರ ಇಡೀ ಮೇಲ್ಭಾಗ ಒಂದಿಷ್ಟು ಎತ್ತರಕ್ಕೇಳುತ್ತದೆ; ಚರ್ಚಿನಲ್ಲಿ ಹಿರಿಯರು ಒಳಬಂದಾಗ ಸಭೆ ಏಳುವಂತೆ ಅದು ಎದ್ದು ನಿಂತಿತು. ಅವನು ಅಕ್ಷರವನ್ನು ಹೊಡೆದ. ಕಾಗದವನ್ನು ಥೆಲ್ಕಾಳ ಕೈಗೆ ಕೊಟ್ಟು, ಗಾಜಿನ ಈಚೆ ನಿಲ್ಲದೆ, ಜ್ಯಾಕ್‌ನ ಬಾಗಿಲ ಮುಂದೆ ಹಾದು, ಗುಡ್ಡವಿಳಿದ. ನಾಳೆ ಆ ಮೇಜಿನಲ್ಲಿ ಬೇರೆಯವರು ಕೂರಬಹುದು ಎಂಬ ಯೋಚನೆ ಅವನ ಜೊತೆಗೇ ಅರ್ಧ ಗುಡ್ಡ ಇಳಿಯಿತು, ಆಮೇಲೆ ಹಿಂದೆ ಬಿತ್ತು.

ಹೊತ್ತು ಮೀರಿತ್ತು. ಲೇಯೂ ಕಡೆಯ ವ್ಯಾನು ತುಂಬುವವರೆಗೆ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನೊಬ್ಬರು ಹಿಡಿಯುತ್ತಾರೆಂದು ಹೊರಡುವುದಿಲ್ಲ. ಅವನು ಕಿಟಕಿಗೂ ಒಬ್ಬ ದಪ್ಪ ಹೆಂಗಸಿಗೂ ನಡುವೆ ಸಿಕ್ಕಿಕೊಂಡು ಕೂತ. ಹೆಂಗಸಿನ ತೊಡೆಯ ಮೇಲೆ ದೊಡ್ಡದೊಂದು ಬ್ರೆಡ್‌ಫ್ರೂಟು, ಮಲಗಿದ ಮಗುವಿನಂತಿತ್ತು. ಚಾಲಕ ಹಾಡು ಹಾಕಿದ್ದ. ಬಕಮೆಂಟಿನ ಇಳಿಜಾರಿನಲ್ಲಿ ಹಾಡು ನಿಲ್ಲಿಸಿ ವಾರ್ತೆಗೆ ತಿರುಗಿಸಿದ. ಬಾಳೆಯ ಬೆಲೆ, ಮಂತ್ರಿಯ ಪ್ರಯಾಣ, ಬಂದರಿನ ಸುದ್ದಿ. ಆರ್ಮಿಸ್ಟನ್ ಲೇಯೂ ಇನ್ನೆಷ್ಟು ತಿರುವಿನ ಆಚೆ ಎಂದು ಲೆಕ್ಕ ಹಾಕುತ್ತಿದ್ದಾಗ ಮಿಸ್ ಥೆಲ್ಕಾಳ ದನಿ ಬಂತು. ಗಾಜಿನಾಚೆಯ ಆ ದಪ್ಪ ಹೆಂಗಸಿನದ್ದಲ್ಲ, ಬೇರೆ ಯಾರದೋ, ತಗ್ಗಿದ, ಎಲ್ಲರ ಮನೆಯ ಒಳಗನ್ನೂ ಬಲ್ಲ ದನಿ. ಚಾಲಕ ವ್ಯಾನನ್ನು ರಸ್ತೆಯ ಬದಿಗೆ ತಂದು ಇಂಜಿನು ಆರಿಸಿದ. ಎದುರಿನಿಂದ ಬಂದ ವ್ಯಾನೂ ನಿಂತಿತು. ಅರಮಿಂಟಾ ಹೆಪ್ಸಿಬಾ ಬ್ಯಾಲಂಟೈನ್ ಎಂದಾಗ ಯಾರಿಗೂ ಏನೂ ಅನಿಸಲಿಲ್ಲ. ಟಾಂಟಿ ಮಿಂಟಾ ಎಂದಾಗ ಹಿಂದಿನ ಸೀಟಿನಲ್ಲಿ ಯಾರೋ ‘ಅಯ್ಯೋ ದೇವ್ರೇ, ಗೆಡ್ಡೆ ಮಿಂಟಾ’ ಎಂದರು. ಉಳಿದ ಬಂಧುಗಳ ಹೆಸರುಗಳೆಲ್ಲ ಒಂದೇ ಓಟದಲ್ಲಿ ಹೋದವು. ಚರ್ಚಿನ ಹೆಸರು ಬಂದು ಪ್ರಕಟಣೆ ಮುಗಿಯಿತೆಂದು ಚಾಲಕ ಕೀಲಿಗೆ ಕೈ ಹಾಕಿದ.

ಆರ್ಮಿ, ಎಂದಿತು ರೇಡಿಯೋ.

ಆಮೇಲೆ ಉಸಿರು. ಅವನು ಅದನ್ನು ಕೇಳಿದ. ವಯಸ್ಸಾದ ಹೆಂಗಸೊಬ್ಬಳು ಬುಟ್ಟಿ ತಲೆಗೇರಿಸುವ ಮುಂಚೆ ಎಳೆದುಕೊಳ್ಳುವಂಥ ಉಸಿರು, ಉದ್ದವಾದದ್ದು, ನಡುವೆ ಒಂದು ಕಡೆ ಸಣ್ಣಗೆ ಕೆರೆದದ್ದು. ಹೆಸರು ಕೂಗಿದವಳು ಅವನು ತಿರುಗಿ ನೋಡಲಿ ಎಂದು ಕಾಯುತ್ತಿದ್ದಳು. ವ್ಯಾನಿನಲ್ಲಿ ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಚಾಲಕ ಕೀಲಿ ಬಿಟ್ಟ, ಹಿಂದಿನವನು ಬಾಟಲಿ ಇಟ್ಟ. ಪಕ್ಕದ ಹೆಂಗಸು ತನ್ನ ಕಾಲ ಬಳಿ ಜಾಗವಿಲ್ಲದೆ ಬ್ರೆಡ್‌ಫ್ರೂಟನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಆ ಹೊತ್ತಿನಲ್ಲಿ ಇಡೀ ದ್ವೀಪದಲ್ಲಿ ಕೈ ತುಂಬಿದ್ದವನು ಅವನೊಬ್ಬನೇ ಇದ್ದಿರಬೇಕು.

ನಿನ್ನ ಊಟ ಬೋಗುಣಿ ಕೆಳಗೆ, ಎಂದಿತು ರೇಡಿಯೋ, ಮತ್ತು ಸುಮ್ಮನಾಯಿತು.

ಯಾರೂ ನಗಲಿಲ್ಲ. ಎಲ್ಲರೂ ಕಾದರು. ಇಳಿಜಾರಿನ ಕೆಳಗೆ, ಎರಡು ತಿರುವಿನ ಆಚೆ, ಟಾಂಟಿ ಮಿಂಟಾಳ ಅಂಗಳದಲ್ಲಿ ಇಸಿಲ್ಮಾ ಪಿನ್ನುಗಳ ಹಿಂದೆ ಉಸಿರು ಬಿಗಿಹಿಡಿದು, ಊರೆಲ್ಲ ಬಾಯಿ ತೆರೆದು ನಿಂತಿರುವುದು ಅವನಿಗೆ ಇಲ್ಲಿಂದಲೇ ಕಾಣುತ್ತಿತ್ತು. ಬಾಗಿಲಿನ ಕಡೆ ಕೂತ ಮುದುಕನೊಬ್ಬ ಕುತ್ತಿಗೆ ಚಾಚಿ ಒಬ್ಬೊಬ್ಬರನ್ನೇ ನೋಡಿದ.

“ಯಾರಪ್ಪಾ ಈ ಆರ್ಮಿ,” ಎಂದಳು ಪಕ್ಕದ ಹೆಂಗಸು, ಬೇಸರದಿಂದ, ಮುಂದಿನ ಸೀಟಿನ ಬೆನ್ನಿಗೆ. “ಎತ್ತಬಾರ್ದಾ. ಪಾಪದ್ದು ಅಷ್ಟು ಕಷ್ಟಪಟ್ಟು ಮಾಡಿಟ್ಟಿದೆ. ಆರಿಹೋಗತ್ತೆ.”

ಆರ್ಮಿ ಬಾಯಿ ತೆರೆದ. ಏನು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಮೊದಲು ಬಂದದ್ದು ಉಸಿರು.